ಬೀದರ ಕೋಟೆ, ಮ್ಯೂಸಿಯಂ ಅರ್ಧ ದಿನದಲ್ಲಿ ನೋಡೋದು ಹೇಗೆ? ಗೈಡ್ ಬೇಕಾ? (ಅತ್ತೆಯವರಿಗೆ ಮಂಡಿನೋವು)

ಸಾಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು, ನೌಕರಿ ಮೇಲೆ ಈಗ ಕಲಬುರಗಿಯಲ್ಲಿದ್ದೀನಿ. ಊರಿಂದ ಅತ್ತೆ ಬಂದಿದ್ದಾರೆ. ಶರಣಬಸವೇಶ್ವರ ಗುಡಿ ಆಯ್ತು, ಗಾಣಗಾಪುರ ಆಯ್ತು, ಬುದ್ಧ ವಿಹಾರ ಆಯ್ತು. ಇನ್ನು ಮನೇಲಿ ಕೂತು ಟೀವಿ ನೋಡೋಕೆ ಇಷ್ಟು ದೂರ ಬರಬೇಕಿತ್ತಾ ಅಂತ ಅವರೇ ಕೇಳ್ತಿದ್ದಾರೆ. ಅದಕ್ಕೆ ಈ ಭಾನುವಾರ ಬೀದರ್.

ನನ್ನ ಸಮಸ್ಯೆ ಏನಂದ್ರೆ, ಮಧ್ಯಾಹ್ನದ ಮೇಲೆ ಭಾಲ್ಕಿಯಲ್ಲಿ ಒಂದು ಮದುವೆ ಮನೆಗೆ ಹೋಗಲೇಬೇಕು. ಅಂದ್ರೆ ಕೋಟೆಗೆ ಸಿಗೋದು ಬೆಳಗಿನ ಅರ್ಧ ದಿನ ಮಾತ್ರ. ಜೊತೆಗೆ ಹೈಸ್ಕೂಲಿನ ಮಗ ಇದ್ದಾನೆ. "ಅಹಮದ್ ಷಾನು ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಿಗೆ ಬದಲಾಯಿಸಿದನು" ಅಂತ ಒಂದೇ ಉಸಿರಲ್ಲಿ ಹೇಳ್ತಾನೆ. ಯಾಕೆ ಬದಲಾಯಿಸಿದ ಅಂತ ಕೇಳಿದ್ರೆ "ಅದು ಪರೀಕ್ಷೆಗೆ ಬರಲ್ಲ" ಅಂತಾನೆ.

ಗೈಡ್ ಇಟ್ಕೋಬೇಕಾ, ಇಲ್ಲ ನಾವೇ ನೋಡ್ಕೊಂಡು ಬಂದ್ರೆ ಸಾಕಾ? ಹಿಂದೊಮ್ಮೆ ಬೇರೆ ಊರಿನ ಒಂದು ಕೋಟೇಲಿ ಒಬ್ಬ ಗೈಡ್ ಸಿಕ್ಕಿದ್ದ. ಒಂದು ತಾಸಲ್ಲಿ ಓಡಿಸಿಕೊಂಡು ಹೋಗಿ, ಹಾದಿ ತುಂಬಾ ರಾಣಿಯರ ಕಥೆ ಹೇಳಿ, ಕೊನೆಗೆ ತನ್ನ ಪರಿಚಯದ ಅಂಗಡಿ ಮುಂದೆ ತಂದು ನಿಲ್ಲಿಸಿದ. ಆ ಥರದ್ದು ಬೇಡ. ಕೋಟೆಯೊಳಗಿನ ಮ್ಯೂಸಿಯಂ ನೋಡೋ ಹಾಗಿದೆಯಾ, ಅಥವಾ ಸಾಲಾಗಿ ಮೂರ್ತಿ ನಿಲ್ಲಿಸಿ ಚೀಟಿ ಅಂಟಿಸಿದ್ದಾರಾ? ಅತ್ತೆ ಸಮ ನೆಲದಲ್ಲಿ ಚೆನ್ನಾಗೇ ನಡೀತಾರೆ, ಮೆಟ್ಟಿಲು ಅಂದ್ರೆ ಆಗಲ್ಲ. ಎಲ್ಲಿಂದ ಶುರು ಮಾಡಿ ಎಲ್ಲಿಗೆ ಮುಗಿಸಬೇಕು ಅಂತ ಗೊತ್ತಿದ್ದವರು ಹೇಳಿ.

ಹುಮನಾಬಾದ್ ಪ್ಯಾಸೆಂಜರ್

ಮೇಡಂ, ರೈಲಿಗೆ ಬರೋದಿದ್ರ ಟೈಮ್ ನೋಡ್ಕೊಂಡು ಬರ್ರಿ. ಕಲಬುರಗಿ-ಬೀದರ ಲೈನ್ 2017ರಾಗ ಪೂರಾ ಆಗೇದ, ಆದ್ರ ನಿಮಗ ಅನುಕೂಲದ ಹೊತ್ತಿಗಿ ಗಾಡಿ ಇರ್ತದಂತ ಹೇಳಕ್ಕ ಆಗಲ್ಲ. ಮುಂದ ಭಾಲ್ಕಿಗಿ ಬ್ಯಾರೆ ಹೋಗೋದದ. ಸ್ವಂತ ಗಾಡಿ ಇಲ್ಲಾಂದ್ರ ಬಾಡಿಗಿ ಗಾಡಿನೇ ಚೊಲೋ. ಹುಮನಾಬಾದ ಮ್ಯಾಲ ಬರ್ರಿ, ಅಲ್ಲೇ ನಾಷ್ಟಾ ಮುಗಿಸಿ ಬಿಡ್ರಿ, ಕಿಲ್ಲಾದೊಳಗ ಹೊಕ್ಕ ಮ್ಯಾಲ ತಿನ್ನಕ್ಕ ಏನೂ ಸಿಗಲ್ಲಂತ ತಿಳಕೋರಿ. ನೀರಿನ ಬಾಟ್ಲಿ, ಅತ್ತಿಯವರಿಗಿ ಒಂದು ಛತ್ರಿ. ಹನ್ನೊಂದರ ಮ್ಯಾಲ ಬಿಸಿಲು ಮಾತಾಡಕ್ಕ ಬಿಡಲ್ಲ.

ಇತಿಹಾಸದ ಸುದ್ದಿ ನನಗ ಗೊತ್ತಿಲ್ಲ, "ಬಿದರಿ ಮನಿ" ಅಣ್ಣಾರು ನೋಡಿದ್ರ ಉದ್ದ ಬರೀತಾರ.

ಬಿದರಿ ಮನಿ

ನೋಡೀನ್ರಿ, ಉದ್ದನೇ ಬರೀತೀನಿ.

ಅಕ್ಕಾರ, ಅರ್ಧ ದಿನದಾಗ ಬೀದರ ಕಿಲ್ಲಾ ಮುಗಿಸ್ತೀನಿ ಅಂತ ಬರಬ್ಯಾಡ್ರಿ. 37 ಬುರುಜು ಅವ, ಮಾಂಡು ದರವಾಜಾ, ದಿಲ್ಲಿ ದರವಾಜಾ, ಕಲ್ಯಾಣಿ ದರವಾಜಾ, ಕರ್ನಾಟಕ ದರವಾಜಾ ಅಂತ ಒಂದೊಂದು ದಿಕ್ಕಿಗಿ ಒಂದೊಂದು ಅಗಸಿ. ಒಳಗ ಗಗನ ಮಹಲ, ತರ್ಕಶ ಮಹಲ, ತಖ್ತ ಮಹಲ, ಸಾವಿರ ಕೋಣಿ ಅಂತ ಹೆಸರಾದ ಹಜಾರ ಕೊಠಡಿ. ಎಲ್ಲಾ ನೋಡ್ತೀನಿ ಅಂತ ಹೊಂಟವರು ಸಂಜಿಗಿ ಕಾಲು ಹಿಡಕೊಂಡು ಕೂಡ್ತಾರ, ನೆನಪಿನಾಗ ಒಂದೂ ಉಳಿದಿರಲ್ಲ. ನಾಲ್ಕು ಜಾಗ ನೋಡ್ರಿ, ಖರೇನ ನೋಡ್ರಿ. ಉಳಿದದ್ದು ಮತ್ತೊಮ್ಮಿ.

ನಾ ಗೈಡ್ ಅಲ್ಲ, ಲೈಸೆನ್ಸೂ ಇಲ್ಲ. ನಮ್ಮಪ್ಪ ಬಿದರಿ ಕೆತ್ತನಿ ಮಾಡ್ತಿದ್ರು, ಸಣ್ಣಾಂವಿದ್ದಾಗ ಅವರ ಹಿಂದ ಮಣ್ಣು ತರಕ್ಕ ಕಿಲ್ಲಾಕ್ಕ ಹೋಗಿ ಹೋಗಿ ಹತ್ತಿದ ಚಟ ಇದು. ಊರಿಗಿ ಬಂದ ಬೀಗರಿಗಿ, ಗೆಳ್ಯಾರಿಗಿ ತೋರಿಸ್ತೀನಿ. ತೋರಿಸೋಮುಂದ ಅರಸರ ಹೆಸರಿನಿಂದ ಶುರು ಮಾಡಲ್ಲ. ಕಲ್ಲಿನಿಂದ ಶುರು ಮಾಡ್ತೀನಿ. ಬೀದರ ನಿಂತದ್ದೇ ಕೆಂಪು ಜಂಬಿಟ್ಟಿಗಿ ಕಲ್ಲಿನ ಮ್ಯಾಲ. ನೀವು ಸಾಗರದವರು, ಈ ಕಲ್ಲಿನ ಸುದ್ದಿ ನಿಮಗ ನಾ ಹೇಳಬೇಕಂತಿಲ್ಲ: ನೆಲದಾಗಿದ್ದಾಗ ಮೆತ್ತಗ, ಕಡದು ಗಾಳಿಗಿ ಬಿಟ್ರ ಗಟ್ಟಿ. ಇಷ್ಟು ತಲಿಯಾಗಿಟ್ಟುಕೊಂಡು ಒಳಗ ಬರ್ರಿ.

ಮೊದಲು ಶರ್ಜಾ ದರವಾಜಾ. ಎರಡು ಹುಲಿ ಕೆತ್ತ್ಯಾರ, ಮ್ಯಾಲ ನಗಾರಿ ಬಾರಿಸೋ ಜಾಗ. 1503ರ ಶಾಸನ ಅದ, ಅಷ್ಟರಾಗ ಬಹಮನಿ ಸುಲ್ತಾನ ಹೆಸರಿಗಿ ಮಾತ್ರ ಸುಲ್ತಾನ, ಕಾರಭಾರೆಲ್ಲಾ ಅವನ ಮಂತ್ರಿ ಮನೆತನ ಬರೀದರ ಕೈಯಾಗ. ಇಲ್ಲಿ ಫೋಟೋ ತೆಗೀರಿ, ಮುಂದ ಸಾಗ್ರಿ. ನಿಮ್ಮ ಹುಡುಗನಿಗಿ ಒಂದು ಸುದ್ದಿ ಹೇಳ್ರಿ. 1470ರ ಸುಮಾರಿಗಿ ರಷ್ಯಾದಿಂದ ಅಫನಾಸಿ ನಿಕಿತಿನ್ ಅಂಬೋ ವ್ಯಾಪಾರಿ ಒಂದು ಕುದುರಿ ತಗೊಂಡು ಬೀದರಿಗಿ ಬಂದಿದ್ದ. ಕುದುರಿ ಮಾರಿ, ಊರಾಗ ತಿರುಗಾಡಿ, ಕಂಡದ್ದೆಲ್ಲಾ ಬರದಿಟ್ಟಾನ. ಸುಲ್ತಾನನ ಅರಮನಿಗಿ ಏಳು ಬಾಗಿಲು, ಒಂದೊಂದು ಬಾಗಿಲಿಗಿ ನೂರು ಕಾವಲುಗಾರರು, ನೂರು ಕಾರಕೂನರು, ಹೋಗೋರ ಬರೋರ ಹೆಸರು ಬರಕೋತ ಕೂತಿರ್ತಾರಂತ. ಈಗ ಮ್ಯೂಸಿಯಂದಾಗ ರಿಜಿಸ್ಟರ್ ಮುಂದಿಟ್ರ ಸಿಟ್ಟು ಮಾಡಬ್ಯಾಡ್ರಿ, ಇದು ಹಳೇ ರಿವಾಜು.

ಆಮ್ಯಾಲ ಗುಂಬದ್ ದರವಾಜಾ. ಗ್ವಾಡಿ ದಪ್ಪ, ಮ್ಯಾಲ ಹೋದಂಗ ಒಳಗ ವಾಲ್ತದ, ದಿಲ್ಲಿ ತುಘಲಕರ ಕಾಲದ ಕಟ್ಟೋ ಪದ್ಧತಿ. ಆದ್ರ ನೀವು ದರವಾಜಾ ನೋಡಕ್ಕಿಂತ ಮೊದಲು ಖಂದಕದ ಹತ್ರ ನಿಂತು ಕೆಳಗ ನೋಡ್ರಿ. ಮೂರು ಖಂದಕ ಒಂದರ ಬಾಜು ಒಂದು. ನಡುವ ಎರಡು ಗ್ವಾಡಿ ಕಾಣ್ತಾವಲ್ಲ, ಅವು ಕಟ್ಟಿದ ಗ್ವಾಡಿ ಅಲ್ಲ. ನೆಲದ ಬಂಡಿ ಹಂಗೇ ಬಿಟ್ಟು ಈ ಕಡಿ ಆ ಕಡಿ ಕಡಕೋತ ಹೋಗ್ಯಾರ. ಹತ್ರ ಹೋಗಿ ನೋಡಿದ್ರ ಎಲ್ಲೂ ಜೋಡಣಿ ಸಿಗಲ್ಲ, ಗಾರಿ ಸಿಗಲ್ಲ, ಒಂದೇ ಕಲ್ಲು. ಗೈಡ್ ಇದನ್ನ ತೋರಿಸದೇ ಮುಂದ ಹೊಂಟ್ರ ನಿಲ್ಲಿಸ್ರಿ. ನನ್ನ ಕೇಳಿದ್ರ ಇಡೀ ಕಿಲ್ಲಾದೊಳಗ ದೊಡ್ಡ ಕೆಲಸ ಇದೇ. ಮಹಲು ಎಲ್ಲಾ ಕಡಿ ಅವ, ಇಂಥಾ ಖಂದಕ ಎಲ್ಲದರಿ?

ಅಲ್ಲಿಂದ ರಂಗೀನ ಮಹಲ. ಇದಕ್ಕ ಸಾಮಾನ್ಯ ಬೀಗ ಹಾಕಿರ್ತಾರ. ಪುರಾತತ್ವ ಇಲಾಖಿ ಸಿಬ್ಬಂದಿಗಿ ಕೇಳಿದ್ರ ತೆಗೆದು ತೋರಿಸ್ತಾರ, ಸುಮ್ಮ ಹೊರಗ ನಿಂತು ವಾಪಸ್ ಹೋಗಬ್ಯಾಡ್ರಿ. ಗೈಡ್ ಇದ್ರ ಅನುಕೂಲ ಆಗೋದು ಇಂಥಾದಕ್ಕ. ಹೊರಗಿನಿಂದ ಏನೂ ಅನಸಲ್ಲ. ಒಳಗ ಕಟಗಿ ಕಂಬದ ಮ್ಯಾಲ ಕೆತ್ತನಿ, ಗ್ವಾಡಿ ಮ್ಯಾಲ ಬಣ್ಣದ ಹೆಂಚಿನ ತುಂಡು ಕೂಡಿಸಿ ಮಾಡಿದ ಕೆಲಸ. ಅದರ ಒಳಗಿನ ಕೋಣಿ ಬಾಗಿಲ ಸುತ್ತ ಕರಿಕಲ್ಲಿನಾಗ ಮುತ್ತಿನ ಚಿಪ್ಪು ಕೂಡಿಸ್ಯಾರ. ಪಾರ್ಸಿ (ಪರ್ಷಿಯನ್) ಸಾಲು, ಬಳ್ಳಿ, ಹೂವು. ಮೊಬೈಲ್ ಟಾರ್ಚ್ ನೇರ ಹಿಡಿಬ್ಯಾಡ್ರಿ, ಬಾಜೂಕ ಹಿಡದು ನಿಧಾನ ಸರಸ್ರಿ. ಚಿಪ್ಪು ಒಮ್ಮಿ ಹಸಿರು, ಒಮ್ಮಿ ಗುಲಾಬಿ ಹೊಳೀತದ. ಈಗ ಕಾಣೋ ರೂಪ ಬಹುತೇಕ ಅಲಿ ಬರೀದ ಶಾಹ ಕಾಲದ್ದು, ಅಂದ್ರ 1542ರಿಂದ 1580. ನಮ್ಮಪ್ಪ ಈ ಬಾಗಿಲ ಮುಂದ ನಿಂತು ಬೆರಳಿನಿಂದ ಗಾಳಿಯಾಗ ಬಳ್ಳಿ ತೆಗೀತಿದ್ರು, ಮುಟ್ಟತಿರಲಿಲ್ಲ. ಕರಿ ಮ್ಯಾಲ ಬಿಳಿ ಕೂಡಿಸೋ ಕೆಲಸ, ಅದು ನಮ್ಮದೇ ಕೆಲಸ ಅಲ್ಲೇನು. ಅಲ್ಲಿ ಕಲ್ಲು ಮತ್ತು ಚಿಪ್ಪು, ನಮ್ಮಲ್ಲಿ ಜಸ್ತ (ಸತು) ಮತ್ತು ಬೆಳ್ಳಿ.

ಸೋಲಾ ಖಂಬ ಮಸೀದಿ ಅಲ್ಲೇ ಮುಂದ. 1423-24ರ ಶಾಸನ ಅದ. ಊರಾಗಿನ ಹಳೇ ಮುಸ್ಲಿಂ ಕಟ್ಟಡದೊಳಗ ಇದು ಒಂದು. ದಪ್ಪನ್ನ ದುಂಡು ಕಂಬ, ಒಳಗ ತಂಪು. ಅತ್ತಿಯವರನ್ನ ಅದರ ಮುಂದ ಲಾಲ್ ಬಾಗ್ ನೆರಳಿಗಿ ಕೂಡಿಸಬಹುದು. ಮೆಟ್ಟಲ ಕಾಟ ಈ ಭಾಗದಾಗ ಕಮ್ಮಿ, ಗಾಡಿ ದರವಾಜಾದೊಳಗಿಂದ ಇಲ್ಲೀತನಾ ಬರ್ತದ. ತೋಪು (ಫಿರಂಗಿ) ನೋಡಕ್ಕ ಬುರುಜಿನ ಮ್ಯಾಲ ಹತ್ತಬೇಕು, ಅದನ್ನ ಹುಡುಗನಿಗಿ ಬಿಟ್ಟುಬಿಡ್ರಿ.

ಈಗ ಮ್ಯೂಸಿಯಂ. ಇದನ್ನ ಕಡೀಕ ಇಟ್ಟುಕೋರಿ. ಕಟ್ಟಡಾನೇ ಶಾಹಿ ಹಮ್ಮಾಮ್, ಅರಸು ಮನೆತನದ ಸ್ನಾನದ ಮನಿ. ಒಳಗ ಸುತ್ತಮುತ್ತಿನ ಊರುಗಳ ಹಳೇ ಶಿಲ್ಪ, ಶಿಲಾಯುಗದ ಕಲ್ಲಿನ ಹತ್ಯಾರ, ಕತ್ತಿ ಗಿತ್ತಿ ಇಟ್ಟಾರ. ದೊಡ್ಡದೇನಲ್ಲ. ಮಂದಿ ಮೂರ್ತಿ ನೋಡಿ ಹೊರಗ ಬರ್ತಾರ. ನೀವು ತಲಿ ಎತ್ತಿ ಮಾಡು ನೋಡ್ರಿ, ಆಮ್ಯಾಲ ಕೇಳ್ರಿ: ಇಷ್ಟು ಎತ್ತರದ ಗುಡ್ಡದ ಮ್ಯಾಲ ಸ್ನಾನಕ್ಕ ನೀರು ಎಲ್ಲಿಂದ ಬಂತು?

ಉತ್ತರ ಮತ್ತ ಅದೇ ಕಲ್ಲು. ಜಂಬಿಟ್ಟಿಗಿ ತುಂಬಾ ತೂತು, ಮಳಿ ನೀರು ಸೋಸಕೋತ ಕೆಳಗ ಹೋಗ್ತದ. ಅದರ ತಳಕ್ಕ ಕರಿಕಲ್ಲು. ಅಲ್ಲಿ ನೀರು ಮುಂದ ಇಳೀಲಾರದ ನಿಂತು, ಗುಡ್ಡದ ಅಂಚಿಗಿ ಝರಿ ಆಗಿ ಹೊರಬೀಳ್ತದ. ಗುರು ನಾನಕ ಝೀರಾ, ನರಸಿಂಹ ಝರಣಿ, ಪಾಪನಾಶ, ಎಲ್ಲಾ ಇದೇ ನೀರು. ಇದೇ ನೀರಿಗಿ ನೆಲದೊಳಗ ಕಾಲುವಿ ಕಡದು, ನಡುನಡುವ ಬಾವಿ ತೋಡಿ ಊರಿಗಿ ತಂದದ್ದು ಕರೇಜ್, ಇರಾನದ ಪದ್ಧತಿ. ಬೀದರ ಬಾಜೂದ ನೌಬಾದದಾಗ ಅದರ ಬಾಯಿ ಈಗೂ ಕಾಣ್ತದ. 1420ರ ದಶಕದಾಗ ಅಹಮದ ಶಾಹ ಬೀದರಿಗಿ ಯಾಕ ಬಂದ ಅಂದ್ರ ನೂರು ಕಾರಣ ಹೇಳ್ತಾರ. ನಾಯಿ ನರಿ ಅಟ್ಟಿಸಿಕೊಂಡು ಹೋದ ಕಥಿನೂ ಹೇಳ್ತಾರ. ಗುಡ್ಡ, ಕಡೀಲಿಕ್ಕ ಬರೋ ಕಲ್ಲು, ಬತ್ತಲಾರದ ನೀರು. ಹುಡುಗನಿಗಿ ಇಷ್ಟು ಹೇಳ್ರಿ, ಪರೀಕ್ಷಾಕ್ಕ ಬರಲಿ ಬಿಡಲಿ.

ಕಡೀದೊಂದು, ಮಣ್ಣಿನ ಸುದ್ದಿ. ಬಿದರಿ ಸಾಮಾನು ಜಸ್ತ, ಅದರಾಗ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದದ್ದು. ಉಜ್ಜಿ, ಮೈಲುತುತ್ತ ಹಚ್ಚಿ ತಾತ್ಪೂರ್ತಿ ಕರಿ ಮಾಡಿ, ಮ್ಯಾಲ ಚಿತ್ರ ಗೀರಿ, ಉಳಿಯಿಂದ ತೋಡಿ, ಆ ಗೀರಿನಾಗ ಬೆಳ್ಳಿ ತಂತಿ ಬಡದು ಕೂಡಸ್ತಾರ. ಮತ್ತ ಉಜ್ಜಿದ್ರ ಆ ಕರಿ ಹೋಗ್ತದ. ಆವಾಗಿನ್ನೂ ಬೆಳ್ಳಿನೂ ಬೆಳ್ಳಗ, ಜಸ್ತನೂ ಬೆಳ್ಳಗ, ಕೆಲಸ ಕಾಣೋದೇ ಇಲ್ಲ. ಕಡೀಕ ಕಿಲ್ಲಾದ ಮಣ್ಣು, ನವಸಾಗರ ನೀರಿನಾಗ ಕೂಡಿಸಿ ಬಿಸಿ ಮಾಡಿ, ಸಾಮಾನು ಕಾಯಿಸಿ ಅದಕ್ಕ ಹಚ್ಚಿ ತಿಕ್ಕಿದ್ರ ಜಸ್ತ ಕಪ್ಪ ಆಗ್ತದ, ಬೆಳ್ಳಿ ಹಂಗೇ ಉಳೀತದ. ಹೊಲದ ಮಣ್ಣು ನಡಿಯಲ್ಲ. ಬಿಸಿಲು ಮಳಿ ಕಾಣದ ಹಳೇ ಗ್ವಾಡಿ ಮಣ್ಣು ಬೇಕು. ನಮ್ಮಪ್ಪ ಚಿಟಿಕಿ ಮಣ್ಣು ನಾಲಿಗಿ ಮ್ಯಾಲ ಇಟ್ಟು, ಕಣ್ಣು ಮುಚ್ಚಿ, "ಇದಲ್ಲ" ಅಂತ ಉಗುಳ್ತಿದ್ರು. ನಾಲ್ಕು ಹೆಜ್ಜಿ ಮುಂದ ಹೋಗಿ ಮತ್ತೊಂದು ಚಿಟಿಕಿ. ನನಗ ಆ ರುಚಿ ಇನ್ನೂ ಹತ್ತಿಲ್ಲ, ಎಲ್ಲಾ ಮಣ್ಣೂ ಮಣ್ಣೇ.

ಗೈಡ್ ಬೇಕಾ ಅಂದ್ರ, ತಗೋರಿ. ಆದ್ರ ಹೊರಗ ನಿಂತು ಮೊದಲೇ ಮಾತಾಡ್ರಿ: ರೊಕ್ಕ ಎಷ್ಟು, ತಾಸು ಎಷ್ಟು, ರಂಗೀನ ಮಹಲ ತೆಗೆಸ್ತೀಯೇನು, ಅಂಗಡಿಗಿ ಬರಲ್ಲ. ನಾಲ್ಕೂ ಮಾತು ಆದ ಮ್ಯಾಲೇ ಹೆಜ್ಜಿ ಇಡ್ರಿ.

ಔರಾದ ಎಕ್ಸ್‌ಪ್ರೆಸ್

ಅಣ್ಣಾರ, ಒಂದು ಕೇಳ್ತೀನಿ. ನಾವು ಶಾಲಿಯಿಂದ ಹೋದಾಗ ಮಾಸ್ತರು ಹೇಳಿದ್ರು, ಕಿಲ್ಲಾದಿಂದ ಗೋಲ್ಕೊಂಡಾತನಾ ಸುರಂಗ ಅದ, ಕುದುರಿ ಮ್ಯಾಲ ಕೂತು ಹೋಗಬಹುದಿತ್ತು ಅಂತ. ಗೈಡೂ ಅದನ್ನೇ ಹೇಳಿದ. ನೀವು ಅದರ ಸುದ್ದೀನೇ ಎತ್ತಿಲ್ಲ?

ಬಿದರಿ ಮನಿ

ತಮ್ಮಾ, ಬೀದರದಿಂದ ಗೋಲ್ಕೊಂಡಾ ನೂರು ಕಿಲೋಮೀಟರಿಗಿ ಮಿಕ್ಕಿ. ಅಷ್ಟು ದೂರ ನೆಲದೊಳಗ ಕುದುರಿಗಿ ಉಸಿರು ಎಲ್ಲಿಂದ ಬರಬೇಕು? ಮ್ಯಾಲಾಗಿ ಬರೀದ ಶಾಹಿ, ಕುತುಬ ಶಾಹಿ ಎರಡೂ ಬಹಮನಿ ಒಡದು ಹುಟ್ಟಿದ ಮನಿ. ಬಿಜಾಪುರದ ಆದಿಲ ಶಾಹಿ, ಅಹಮದನಗರದ ನಿಜಾಮ ಶಾಹಿ, ಬೇರಾರದ ಇಮಾದ ಶಾಹಿ ಸೇರಿ ಐದು. ಒಬ್ಬರನ್ನೊಬ್ಬರು ಕಂಡ್ರ ಆಗ್ತಿರಲಿಲ್ಲ. ವೈರಿ ಮನಿಗಿ ಯಾರಾದ್ರೂ ಹಿತ್ತಲ ಬಾಗಿಲು ಇಡ್ತಾರೇನು?

ಸುರಂಗ ಇಲ್ಲಂತ ಅಲ್ಲ. ಇದ್ದ ಸುರಂಗ ನೀರಿಂದು. ಹುಡುಗುರು ಕರೇಜಿನ ಬಾವಿಯಾಗ ಇಣುಕಿ ನೋಡಿದ್ರ ಎರಡೂ ಕಡಿ ಕತ್ತಲಿ ದಾರಿ ಕಾಣ್ತದ. ಉಳಿದದ್ದು ಬಾಯಿಂದ ಬಾಯಿಗಿ ಬೆಳದದ. ಮಾಸ್ತರು ಹೇಳಿದ್ರಂತ ಬ್ಯಾಸರ ಮಾಡಕೋಬ್ಯಾಡ, ನನಗೂ ನಮ್ಮ ಮಾಸ್ತರು ಅದನ್ನೇ ಹೇಳಿದ್ರು, ನನಗ ಹೇಳಿದ್ದು ಬಿಜಾಪುರತನಾ.

ಕಾಗಿಣಾ ದಂಡಿ

ಬೀದರದವರು ಬೀದರ ಹೊಗಳೋದು ಸಹಜ. ಆದರ ಮೇಡಂ, ನೀವು ಕಲಬುರಗಿಯಾಗೇ ಇದ್ದು ಅಲ್ಲಿನ ಕೋಟೆ ನೋಡೀರೇನು? ಮಂದಿ ನೂರು ಕಿಲೋಮೀಟರ್ ದಾಟಿ ಹೋಗ್ತಾರ, ಮನಿ ಮುಂದಿನದು ಕಣ್ಣಿಗಿ ಬೀಳಲ್ಲ. 1347ರಾಗ ಬಹಮನಿ ರಾಜ್ಯ ಹುಟ್ಟಿ ಬೆಳದದ್ದು ಅಲ್ಲೇ. ಅಲ್ಲಿನ ಜಾಮಿ ಮಸೀದಿ 1367ರದ್ದು, ಕಟ್ಟಿದಾತ ಇರಾನದ ಖಜ್ವೀನದ ರಫಿ ಅಂತ ಶಾಸನ ಹೇಳ್ತದ. ಮಸೀದಿಗಿ ಸಾಮಾನ್ಯವಾಗಿ ನಡುವ ಬಯಲು ಅಂಗಳ ಇರ್ತದಲ್ಲ, ಇಲ್ಲಿ ಇಲ್ಲ. ಪೂರಾ ಮುಚ್ಚಿ, ಮ್ಯಾಲ ಸಣ್ಣ ಸಣ್ಣ ಗುಮ್ಮಟದ ಸಾಲು. ಒಳಗ ಕಮಾನಿನ ಹಿಂದ ಕಮಾನು, ಅದರ ಹಿಂದ ಮತ್ತೊಂದು. ಕೋಟೆಯೊಳಗಿನ ಎತ್ತರದ ಕಟ್ಟಡ ಬಾಲಾ ಹಿಸಾರ ನೋಡ್ರಿ, 29 ಅಡಿ ಉದ್ದದ ತೋಪು ನೋಡ್ರಿ.

ಮ್ಯೂಸಿಯಂ ವಿಷಯಕ್ಕ ಬಂದ್ರ ಕಲಬುರಗಿಯ ಸರ್ಕಾರಿ ಮ್ಯೂಸಿಯಂ ಬಿಟ್ಟು ಬೀದರದ್ದು ನೋಡಕ್ಕ ಹೋಗೋದು ನನಗೇನು ಒಪ್ಪಿಗಿ ಇಲ್ಲ. ಹುಡುಗನಿಗಿ ನಮ್ಮ ಜಿಲ್ಲಾದ ಹಳೇತನ ಗೊತ್ತಾಗಬೇಕಂದ್ರ ಸನ್ನತಿ ಕಡಿ ಕರಕೊಂಡು ಹೋಗ್ರಿ. ಅಲ್ಲಿ 1986ರಾಗ ಚಂದ್ರಲಾ ಪರಮೇಶ್ವರಿ ಗುಡಿ ಆವರಣದಾಗ ಅಶೋಕನ ಶಾಸನ ಸಿಕ್ತು. ಬಾಜೂದ ಕನಗನಹಳ್ಳಿ ಸ್ತೂಪದ ಕಲ್ಲಿನ ಮ್ಯಾಲ ಅಶೋಕನ ಚಿತ್ರ, ಕೆಳಗ ಬ್ರಾಹ್ಮಿಯಾಗ "ರಾಯ ಅಸೋಕೋ" ಅಂತ ಹೆಸರೂ ಬರದದ. ಬಹಮನಿ ಅನ್ನೋದು ನಿನ್ನಿ ಮೊನ್ನಿದು.

ಹುಮನಾಬಾದ್ ಪ್ಯಾಸೆಂಜರ್

ಅಣ್ಣಾರ, ಅವರಿಗಿ ಮದುವಿ ಇರೋದು ಭಾಲ್ಕಿಯಾಗ. ಸನ್ನತಿಗಿ ಹೋದ್ರ ಊಟ ಮುಗಿದು ಚಪ್ಪರ ಬಿಚ್ಚಿರ್ತಾರ.

ಕಾಗಿಣಾ ದಂಡಿ

ಅದೂ ಖರೇ ಬಿಡ್ರಿ. ಮುಂದಿನ ರವಿವಾರಕ್ಕ ಇಟ್ಟುಕೋಲಿ.

ಸಾಗರದ ಸೊಸೆ

ಎಲ್ಲರಿಗೂ ಧನ್ಯವಾದ. ಹೋಗಿ ಬಂದ್ವಿ, ಮದುವೆ ಊಟಾನೂ ಸಿಕ್ತು. ಮುಂದೆ ಹೋಗೋರಿಗೆ ಉಪಯೋಗ ಆಗಲಿ ಅಂತ ಬರೀತಿದ್ದೀನಿ.

"ಬಿದರಿ ಮನಿ" ಅಣ್ಣ ಹೇಳಿದ ನಾಲ್ಕು ಮಾತು ಆಡಿಯೇ ಗೈಡ್ ಮಾಡಿಕೊಂಡ್ವಿ. ಗೈಡ್ ಹುಡುಗ ಚಿಕ್ಕವನು, ಶುರುವಿನಲ್ಲಿ ಬಾಯಿಪಾಠ ಒಪ್ಪಿಸ್ತಿದ್ದ. ಶರ್ಜಾ ದರವಾಜದ ಹತ್ತಿರ ಎರಡು ನಿಮಿಷ, ಸುಲ್ತಾನರ ಪಟ್ಟಿ ಒಂದು ನಿಮಿಷ. ಖಂದಕದ ಹತ್ತಿರ ಬಂದಾಗ ಎಲ್ಲ ಬದಲಾಯ್ತು. ಅತ್ತೆ ಕೈಚೀಲ ನನ್ನ ಕೈಗೆ ಕೊಟ್ಟು, ಕಂಬಿ ಹಿಡ್ಕೊಂಡು ಬಗ್ಗಿ ನೋಡಿದ್ರು. "ಇದು ಜಂಬಿಟ್ಟಿಗೆ ಅಲ್ದಾ? ನಮ್ಮ ಕೊಟ್ಟಿಗೆ ಗೋಡೆ ಇದೇ" ಅಂದ್ರು. ಆಮೇಲೆ ಗೈಡಿಗೇ ಪಾಠ ಶುರು. ನಮ್ಮೂರಲ್ಲಿ ಕಣಿ ಹೊಡೆಯೋದು ಹೇಗೆ, ಮೇಲಿನ ಪದರ ಯಾಕೆ ಎಸೀತಾರೆ, ಕಡಿದ ಕಲ್ಲನ್ನ ಬಿಸಿಲಿಗೆ ಬಿಡದೆ ಕಟ್ಟಿದ್ರೆ ಏನಾಗುತ್ತೆ. ಅವನು ಮೊಬೈಲ್ ತೆಗೆದು ರೆಕಾರ್ಡ್ ಮಾಡ್ಕೊಂಡ. ನಡುವಿನ ಗೋಡೆ ಕಟ್ಟಿದ್ದಲ್ಲ, ಬಿಟ್ಟಿದ್ದು ಅಂತ ಅವನು ಹೇಳಿದಾಗ ಅತ್ತೆ ಮೊದಲು ನಂಬಲಿಲ್ಲ. ಸುಮಾರು ಹೊತ್ತು ಗಾರೆ ಹುಡುಕಿದ್ರು. ಸಿಗಲಿಲ್ಲ. "ಎಷ್ಟು ಜನ ಎಷ್ಟು ವರ್ಷ ಕಡಿದ್ರೋ, ಅವರಿಗೆ ಊಟ ಹಾಕಿದವರು ಯಾರೋ" ಅಂದ್ರು. ಇದಕ್ಕೆ ಗೈಡ್ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರಾನೂ ಇಲ್ಲ.

ರಂಗೀನ್ ಮಹಲಿಗೆ ಬೀಗ ಇತ್ತು. ಗೈಡ್ ಹೋಗಿ ಸಿಬ್ಬಂದಿಯನ್ನ ಕರ್ಕೊಂಡು ಬಂದ, ಸ್ವಲ್ಪ ಕಾಯಬೇಕಾಯ್ತು ಅಷ್ಟೆ. ಟಾರ್ಚ್ ಪಕ್ಕದಿಂದ ಹಿಡಿಯೋ ಉಪಾಯ ಅದ್ಭುತ. ಮುಂಚೆ ನೇರ ಹಿಡಿದಾಗ ಬರೀ ಬಿಳಿ ಚುಕ್ಕೆ ಕಾಣ್ತಿತ್ತು. ಪಕ್ಕಕ್ಕೆ ಸರಿಸಿದ ಕೂಡಲೇ ಒಂದೊಂದೇ ಎಲೆ ಹೊಳೆದು ಆರ್ತಾ ಹೋಯ್ತು. ಕೆಲವು ಕಡೆ ಚಿಪ್ಪು ಉದುರಿ ಬರೀ ಗುಳಿ ಉಳಿದಿದೆ. ಆ ಗುಳಿ ನೋಡಿದ್ರೇ ಕೆಲಸ ಎಷ್ಟು ನಯ ಅಂತ ಗೊತ್ತಾಗುತ್ತೆ, ಅಂಚು ಒಂದಿಷ್ಟೂ ಒಡೆದಿಲ್ಲ.

ತಖ್ತ್ ಮಹಲ್ ದೂರದಿಂದ ನೋಡಿದ್ವಿ. ಪಟ್ಟಾಭಿಷೇಕ ನಡೀತಿದ್ದ ಜಾಗ, ಕಮಾನಿನ ಮೂಲೇಲಿ ಹುಲಿ, ಅದರ ಬೆನ್ನ ಹಿಂದೆ ಸೂರ್ಯ ಇರೋ ಹೆಂಚಿನ ಚಿತ್ರ ಇತ್ತು ಅಂತ ಗೈಡ್ ಹೇಳಿದ. ಬಿಸಿಲು ಏರಿತ್ತು, ಬಿಟ್ವಿ.

ಮ್ಯೂಸಿಯಂ ಬಗ್ಗೆ ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ಕಟ್ಟಡ ಚೆಂದ, ಒಪ್ಪಿದೆ. ಹೊರಗಿಂದ ಒಳಗೆ ಕಾಲಿಟ್ಟ ತಕ್ಷಣ ತಂಪು. ಆದ್ರೆ ಇದು ಸ್ನಾನದ ಮನೆ ಆಗಿತ್ತು, ನೀರು ಇಲ್ಲಿ ಹೀಗೆ ಬರ್ತಿತ್ತು ಅಂತ ಒಂದು ನಕ್ಷೆ ಗೋಡೆ ಮೇಲೆ ಇದ್ದಿದ್ರೆ ಮಕ್ಕಳಿಗೆ ಎಷ್ಟು ಚೆನ್ನಾಗಿರ್ತಿತ್ತು. ನನ್ನ ಕಣ್ಣಿಗೆ ಬೀಳಲಿಲ್ಲ. ಮಗ ಶಿಲಾಯುಗದ ಕಲ್ಲಿನ ಮುಂದೆ ನಿಂತು "ಇದು ಕಲ್ಲು, ಇದು ಆಯುಧ ಅಂತ ಹೇಗೆ ಹೇಳ್ತಾರೆ" ಅಂತ ಕೇಳಿದ. ಗೈಡ್ ಅಂಚು ತೋರಿಸಿದ: ಎರಡೂ ಕಡೆಯಿಂದ ಚಕ್ಕೆ ಎಬ್ಬಿಸಿದ ಗುರುತು. ತಾನಾಗಿ ಒಡೆದ ಕಲ್ಲಿನಲ್ಲಿ ಹಾಗೆ ಸಾಲಾಗಿ ಚಕ್ಕೆ ಏಳಲ್ಲ. ಆಮೇಲೆ ಮದುವೆ ಮನೆ ಅಂಗಳದಲ್ಲಿ ಸಿಕ್ಕ ಸಿಕ್ಕ ಕಲ್ಲೆಲ್ಲ ಎತ್ತಿ ನೋಡ್ತಿದ್ದ, ನನಗೆ ಮುಜುಗರ.

ಮದರಸಾ ಹಾದಿಯಲ್ಲೇ ಇದ್ದಿದ್ದರಿಂದ ಇಳಿದ್ವಿ. 1472ರದ್ದು, ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ್ದು. ಉಳಿದಿರೋ ಒಂದೇ ಮಿನಾರಿನ ಮೇಲೆ ನೀಲಿ ಹೆಂಚು ಇನ್ನೂ ಇದೆ. ಖೋಟಾ ಪತ್ರ ತೋರಿಸಿ ಸುಲ್ತಾನನ ಕಿವಿ ಚುಚ್ಚಿ ಗವಾನನನ್ನ 1481ರಲ್ಲಿ ಕೊಲ್ಲಿಸಿದ್ರು ಅಂತ ಕೇಳಿ ಅತ್ತೆ, "ಆಫೀಸಲ್ಲಿ ಚಾಡಿ ಆಗಿನಿಂದಾನೇ ಇತ್ತಾ" ಅಂದ್ರು. ಊರ ನಡುವಿನ ಚೌಬಾರಾ ಗೋಪುರ ಕಾರಿನ ಕಿಟಕಿಯಿಂದಲೇ ಆಯ್ತು.

ಅಷ್ಟೂರಿನ ಬಹಮನಿ ಸುಲ್ತಾನರ ಗೋರಿ ನೋಡಲಾಗಲಿಲ್ಲ, ಅದೊಂದು ಬೇಜಾರು.

ಬಿದರಿ ಮನಿ

ಅತ್ತಿಯವರಿಗಿ ನನ್ನ ನಮಸ್ಕಾರ ಹೇಳ್ರಿ. ಮ್ಯೂಸಿಯಂದಾಗ ನೀರಿನ ನಕ್ಷಾ ಬೇಕಂಬೋ ನಿಮ್ಮ ಮಾತು ನೂರಕ್ಕ ನೂರು ಖರೇ. ನಾ ಇಷ್ಟು ವರ್ಷ ಬಾಯಿಲೇ ಹೇಳಕೋತ ಬಂದೀನಿ, ಗ್ವಾಡಿ ಮ್ಯಾಲ ಇದ್ರ ನಾ ಇಲ್ಲದಾಗೂ ಮಂದಿಗಿ ತಿಳೀತಿತ್ತು. ಬರದು ಕೊಡ್ರಿ ಇಲಾಖಿಗಿ, ನೀವು ಬರದ್ರ ನಾನೂ ಸಹಿ ಮಾಡ್ತೀನಿ.

ಅಷ್ಟೂರು ಊರಿಂದ ಮೂರು ಕಿಲೋಮೀಟರಿನ ಮ್ಯಾಲಿಲ್ಲ. ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟ ಸಿಡಿಲು ಬಡದು ಸೀಳ್ಯದ, ಒಳಗಿನ ಹೊಟ್ಟಿ ಕಾಣ್ತದ, ಗುಮ್ಮಟ ಹ್ಯಾಂಗ ಕಟ್ಟತಾರಂತ ತಿಳಿಯಕ್ಕ ಅದಕ್ಕಿಂತ ಚೊಲೋ ಜಾಗ ಇಲ್ಲ. ಬಾಜೂಕ ಅಹಮದ ಶಾಹನ ಗೋರಿ. ಅದರ ಜಾತ್ರಿಗಿ ಮುಸಲ್ಮಾನರೂ ಬರ್ತಾರ, ಲಿಂಗಾಯತರೂ ಬರ್ತಾರ, ಜಂಗಮರು ಬಂದು ಪೂಜಿ ಮಾಡ್ತಾರ. ಒಳಗ ಮಾಡಿನ ತುಂಬಾ ಬಣ್ಣದ ಚಿತ್ರ, ಬಂಗಾರದ ಅಕ್ಷರ. ಸಂಜಿಮುಂದ ಹೋಗಬ್ಯಾಡ್ರಿ, ಒಳಗ ಕತ್ತಲಿ.

ಔರಾದ ಎಕ್ಸ್‌ಪ್ರೆಸ್

ಬಿದರಿ ಸಾಮಾನು ತಗೊಂಡ್ರೇನು ಮೇಡಂ? ಅಂಗಡಿಗಿ ಬರಲ್ಲ ಅಂತ ಮೊದಲೇ ಹೇಳಿದ್ರಲ್ಲ.

ಸಾಗರದ ಸೊಸೆ

ಗೈಡ್ ಜೊತೆ ಹೋಗಲಿಲ್ಲ. ನಾವೇ ಸಿದ್ದೀಕ್ ತಾಲೀಮ್ ಓಣಿ ಕಡೆ ಹೋಗಿ, ಕೆಲಸ ಮಾಡ್ತಾ ಕೂತಿದ್ದವರ ಹತ್ತಿರಾನೇ ಒಂದು ಕುಂಕುಮದ ಭರಣಿ ತಗೊಂಡ್ವಿ. ಅಣ್ಣಾ, ಅದನ್ನ ಯಾವುದರಿಂದ ಒರೆಸಬೇಕು? ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕೋಕೆ ಹೊರಟಿದ್ದಾರೆ.

ಬಿದರಿ ಮನಿ

ಅಯ್ಯೋ ಅಕ್ಕಾರ, ಹುಣಸಿಹಣ್ಣು ಮುಟ್ಟಸಬ್ಯಾಡ್ರಿ! ಕಪ್ಪು ಹೋಗ್ತದ. ಮೆತ್ತಗಿನ ಅರಿವಿಗಿ ಒಂದು ಹನಿ ಕೊಬ್ಬರಿ ಎಣ್ಣಿ ಹಚ್ಚಿ ಒರಸ್ರಿ, ಸಾಕು.